ಹಸಿರು ಹಿಡಿದ ಬೆಸುಗೆ

"ಹಿಂದಿನ ತಗಡ ಬಿಚ್ಚರಿ ಜಮಾದಾರ್‌ಸಾಬ್. ಅಷ್ಟ ಮಾಡ್ರಿ. ನಾ ಮತ್ತೇನೂ ಕೇಳಂಗಿಲ್ಲ."

ಲಾಕಪ್ಪಿನ ಸರಳುಗಳ ಹಿಂದೆ, ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದ ಜಂಗ್ಲಿಸಾಬ್ ಬೆಳಗಿನಿಂದ ಇದನ್ನೇ ಹೇಳುತ್ತಿದ್ದ.

ಸಿಂಧನೂರು ಠಾಣೆಯ ಮೇಜಿನ ಮೇಲೆ ಬೇಸ್ ಗಿಟಾರು ಬೋರಲಾಗಿ ಮಲಗಿತ್ತು. ಹೋದ ಶುಕ್ರವಾರ ಮಾರ್ಕೆಟ್ ಯಾರ್ಡಿನ ವೇದಿಕೆಯಲ್ಲಿ ಅದನ್ನು ನುಡಿಸುತ್ತಿದ್ದ ಗದ್ದೆಪ್ಪ ಮೈಕಿನ ಕಂಬಕ್ಕೆ ಕೈ ಹಾಕಿದವನು ಕರೆಂಟ್ ಹೊಡೆದು ಅಲ್ಲೇ ಸತ್ತಿದ್ದ. ಗಿಟಾರಿನ ಆಂಪ್ಲಿಫೈಯರನ್ನು ಹಳೆಯ ರೇಡಿಯೊ ಬಿಚ್ಚಿ ಮಾಡಿಕೊಟ್ಟವನು ಜಂಗ್ಲಿಸಾಬ್. ರೇಡಿಯೊ ರಿಪೇರಿ ಅವನ ಕಸುಬು. ನಿನ್ನೆ ಸಂಜೆ ಅವನನ್ನು ಅಂಗಡಿಯಿಂದಲೇ ಹಿಡಿದು ತಂದಿದ್ದರು.

ಜಮಾದಾರ ಯಂಕೋಬ ಸ್ಕ್ರೂ ಡ್ರೈವರ್ ಎತ್ತಿಕೊಂಡ. ಎತ್ತಿಕೊಂಡು, ಬಿಚ್ಚಬಹುದೇ ಎಂಬಂತೆ ಎಸ್ಸೈ ಸಾಹೇಬರ ಮುಖ ನೋಡಿದ.

"ಬಿಚ್ಚಪ್ಪ, ಬಿಚ್ಚು. ಅದರ ಹೊಟ್ಟಿ ಕೊಯ್ದು ನೋಡು, ಏನ ನುಂಗ್ಯದೋ," ಎಂದರು ಸಾಹೇಬರು.

"ಅದರಾಗ ಒಂದ ಕರೀ ವೈರ್ ಅದ," ಜಂಗ್ಲಿಸಾಬ್ ಕುಳಿತಲ್ಲಿಂದಲೇ ಹೇಳಿದ. "ಒಂದ ತುದಿ ತಂತಿ ಕುಂತ ಕಬ್ಬಿಣದ ಪಟ್ಟಿಗಿ, ಇನ್ನೊಂದ ತುದಿ ಆಂಪ್ಲಿಫೈಯರ್ ಮೈಗಿ. ಅದನ್ನ ನಾನ ಕತ್ತರಿಸಿ ಬಿಟ್ಟೀನಿ. ನಮ್ಮ ಕಡಿ ಪ್ಲಗ್ ಎಲ್ಲಾ ಎರಡು ಕಡ್ಡಿವು. ಉಲ್ಟಾ ಹಾಕಿದ್ರ ಆಂಪ್ಲಿಫೈಯರ್ ಮೈಗಿ ಕರೆಂಟ್ ಬರ್ತದ. ವೈರ್ ಕತ್ತರಿಸಿದ್ರ ಗಿಟಾರ್ ಗುಂಯ್ ಅಂತದ, ಆದ್ರ ಕರೆಂಟ್ ತಂತಿತನಕ ಬರಂಗಿಲ್ಲ. ಗದ್ದೆಪ್ಪಗ ಏನೂ ಆಗಬಾರದಿತ್ರಿ."

"ಆಗ್ಯದಲ್ಲ?"

"ಅದಕ್ಕ ಬಿಚ್ಚರಿ ಅಂತೀನಿ."

ಯಂಕೋಬ ಒಂದೊಂದೇ ಸ್ಕ್ರೂ ತೆಗೆದು ಸಾಲಾಗಿ ಇಟ್ಟ. ತಗಡು ಸರಿಸಿದ. ಅಂಗೈಯಷ್ಟು ಗುಳಿ, ಅದರೊಳಗೆ ಹೊಲಿಗೆಯ ಪೆಟ್ಟಿಗೆಯ ದಾರಗಳಂತೆ ವೈರುಗಳು. ಕರಿಯದನ್ನು ಹುಡುಕಿದ. ಅದರ ತುದಿ ಹಿಡಿದು ಮೆಲ್ಲಗೆ ಎಳೆದ.

ಬರಲಿಲ್ಲ. ವೈರು ಪಟ್ಟಿಗೆ ಕೂಡಿಕೊಂಡಿತ್ತು.

ತಾನು ತಪ್ಪು ವೈರು ಹಿಡಿದಿರಬೇಕೆಂದು ಮತ್ತೊಮ್ಮೆ ನೋಡಿದ. ಅದೇ.

"ಕತ್ತರಿಸೀನಿ ಅಂದಿ. ಇಲ್ಲಿ ಕೂಡ್ಯದಲ್ಲಲೇ," ಎಂದರು ಎಸ್ಸೈ.

"ಕೂಡ್ಯದ?" ಜಂಗ್ಲಿಸಾಬ್ ತಲೆ ತಗ್ಗಿಸಿದ. "ನಾ ಕೂಡಿಸಿಲ್ರಿ. ಖುದಾ ಕಸಮ್, ನಾ ಕೂಡಿಸಿಲ್ಲ."

ಸಾಹೇಬರು ನಕ್ಕು ಒಳಕೋಣೆಯತ್ತ ಎದ್ದರು. ಯಂಕೋಬ ಮಾತ್ರ ಗಿಟಾರನ್ನು ಎರಡೂ ಕೈಯಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

ಒಳಗಿನ ಉಳಿದ ಬೆಸುಗೆಗಳೆಲ್ಲ ಒಂದೇ ಥರ ಇದ್ದವು. ಸಣ್ಣವು, ಹೊಳೆಯುವಂಥವು. ಸುತ್ತ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಬಣ್ಣದ ರಾಳ. ರೇಡಿಯೊ ರಿಪೇರಿಯವರು ರಾಳ ಹಚ್ಚಿಯೇ ಬೆಸೆಯುತ್ತಾರೆ. ಕರಿ ವೈರಿನ ಬೆಸುಗೆ ಮಾತ್ರ ಬೇರೆ. ಹುಣಸೆ ಬೀಜದಷ್ಟು ದಪ್ಪ. ಅದರ ಅಂಚಿಗೆ ಬಿಳಿಯ ಪುಡಿ, ತಾಮ್ರದ ಎಳೆಗಳ ಮೇಲೆ ಹಸಿರು.

ಆ ಹಸಿರನ್ನು ಎಲ್ಲಿ ನೋಡಿದ್ದೇನೆ ಎಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಮೂಗಿನ ಹತ್ತಿರ ತಂದ. ವಾಸನೆ ಏನೂ ಉಳಿದಿರಲಿಲ್ಲ. ಆದರೂ ಗಂಟಲು ಕೆರೆದ ನೆನಪಾಯಿತು. ಮನೆಯಂಗಳದಲ್ಲಿ ಕಲಾಯಿಯವನು ತಿದಿ ಒತ್ತುತ್ತಿದ್ದ, ಕಾದ ಪಾತ್ರೆಗೆ ಚಿಟಿಕೆ ನವಸಾಗರ ಎಸೆಯುತ್ತಿದ್ದ, ಬಿಳಿ ಹೊಗೆ ಏಳುತ್ತಿತ್ತು, ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಪಾತ್ರೆಯಾದರೆ ಆಮೇಲೆ ತೊಳೆಯುತ್ತಾರೆ. ವೈರನ್ನು ಯಾರು ತೊಳೆಯುತ್ತಾರೆ? ನವಸಾಗರ ಅಲ್ಲೇ ಉಳಿದು ತಾಮ್ರವನ್ನು ತಿನ್ನುತ್ತದೆ.

ಹೇಳಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡ. ತನ್ನ ಊಹೆ ತಪ್ಪಾದರೆ? ಮೊದಲು ಖಾತ್ರಿಯಾಗಲಿ.

"ಬೆಸುಗಿ ಬ್ಯಾರೆ ಕೈದು ಅನಸ್ತದ್ರಿ," ಎಂದಷ್ಟೇ ಅಂದ.

"ಅನಸೋದನ್ನ ಕೋರ್ಟಿನಾಗ ಹೇಳಂಗಿಲ್ಲ," ಒಳಗಿನಿಂದ ಸಾಹೇಬರ ದನಿ ಬಂತು. "ಸಂಜೀ ಬಸ್ಸಿಗಿ ಇವನ್ನ ಲಿಂಗಸುಗೂರಿಗಿ ಒಯ್ದು ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸೋದದ. ಅದರೊಳಗ ಆ ಕೈ ಯಾರದಂತ ತೋರಿಸು. ತೋರಿಸಿದ್ರ ಇಲ್ಲೇ ಬಿಟ್ಟು ಬಿಡೋಣು."

ಹೊರಬಾಗಿಲಲ್ಲಿ ಮಾಬುಬೀ ಬುತ್ತಿ ಹಿಡಿದು ನಿಂತಿದ್ದಳು, ಜಂಗ್ಲಿಸಾಬನ ಹೆಂಡತಿ. ಅವಳನ್ನು ದಾಟಿ ಹೋಗುವಾಗ ಯಂಕೋಬನ ಬಾಯಿಂದ ಮಾತು ಜಾರಿತು.

"ಸಂಜೀಗಿ ಮನಿಗಿ ಬರ್ತಾನ ಬಿಡವ್ವ."

"ನೀವಂದ್ರ ಸಾಕ್ರಿ ಸಾಬ್. ಇಲ್ಲಿ ಬ್ಯಾರೆ ಯಾರೂ ಇಷ್ಟೂ ಅನವಲ್ರು," ಎಂದಳು ಮಾಬುಬೀ.

ಸೈಕಲ್ ಹತ್ತುವಷ್ಟರಲ್ಲೇ, ಹಾಗೆ ಹೇಳಬಾರದಿತ್ತು ಅನ್ನಿಸಿತು.

*

ಉಪಕಾಲುವೆಯ ಏರಿಯ ಮೇಲೆ ಸೈಕಲ್ ತುಳಿದು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪ್ ಮುಟ್ಟಿದಾಗ ಹರಿಪದ ಹಾಲ್ದಾರ್ ಮನೆಯ ಮುಂದೆ ಚಾಪೆ ಹಾಕಿಕೊಂಡು ಒಂದು ಹಲಗೆಗೆ ಉಳಿ ಹಿಡಿದಿದ್ದ. ಗಿಟಾರು ಮಾಡಿದವನು ಅವನೇ. ಪೂರ್ವ ಬಂಗಾಳದಲ್ಲಿ ದೋಣಿ ನಡೆಸುತ್ತಿದ್ದ. ಊರು ಬಿಟ್ಟು ಬಂದ ಮೇಲೆ ಕಲ್ಕತ್ತೆಯ ವಾದ್ಯದಂಗಡಿಯೊಂದರಲ್ಲಿ ಕೆಲಸ ಕಲಿತ. ಈಗ ಸರಕಾರ ಕೊಟ್ಟ ಭೂಮಿಯಲ್ಲಿ ಭತ್ತ ಬೆಳೆಯುತ್ತಾನೆ. ಅವನಿಗೆ ಕನ್ನಡ ಅರೆಬರೆ. ಇಬ್ಬರೂ ಹಿಂದಿಯಲ್ಲಿ ಮಾತಾಡಿದರು.

"ಗದ್ದೆಪ್ಪನ ಮೇಲೆ ನಿನಗೆ ಸಿಟ್ಟಿತ್ತಂತೆ," ಎಂದ ಯಂಕೋಬ.

"ಇತ್ತು." ಹಾಲ್ದಾರ್ ಉಳಿ ಕೆಳಗಿಡಲಿಲ್ಲ. "ಕುತ್ತಿಗೆಯ ಮೇಲಿನ ಹಿತ್ತಾಳೆಯ ಮೆಟ್ಟುಗಳನ್ನು ಒಂದೊಂದಾಗಿ ಬಡಿದು ಕೂಡಿಸಿದ್ದೆ. ಅವನು ಇಕ್ಕಳದಿಂದ ಎಲ್ಲವನ್ನೂ ಕಿತ್ತುಹಾಕಿದ. ಕಿತ್ತ ಸಂದಿಗೆ ಅರಗು ತುಂಬಿದ. ಕೈ ಮುರಿಯುತ್ತೇನೆ ಅಂದಿದ್ದೆ. ನಿಮಗೆ ಯಾರು ಹೇಳಿದರೋ, ಸುಳ್ಳು ಹೇಳಿಲ್ಲ."

"ಆಮೇಲೆ?"

"ಆಮೇಲೆ ಇಲ್ಲಿಗೆ ತಂದು ನುಡಿಸಿ ತೋರಿಸಿದ. ಅವನು ಏಕತಾರಿ ಹಿಡಿದು ಬೆಳೆದವನು. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟು ಹತ್ತಿ ಹೋಗುವುದು ಅವನಿಗೆ ಬೇಡವಾಗಿತ್ತು. ಜಾರಿಕೊಂಡು ಹೋಗಬೇಕಿತ್ತು." ಹಾಲ್ದಾರ್ ಈಗ ಉಳಿ ಇಟ್ಟ. "ಮೈ ಮಾಡಿದ್ದು ಹಳೆ ತೇಗದ ಬಾಗಿಲಿನಿಂದ. ಕುತ್ತಿಗೆ ಯಾವುದರದ್ದು ಗೊತ್ತೇ ನಿಮಗೆ? ನನ್ನ ದೋಣಿಯ ಹುಟ್ಟು. ಊರಿಂದ ತಂದದ್ದು ಅದೊಂದೇ. ಮೆಟ್ಟು ಕಿತ್ತ ಮೇಲೆ ಆ ಮರ ಮತ್ತೆ ನೀರಿಗೆ ಇಳಿದ ಹಾಗೆ ಕೇಳಿಸಿತು. ಬಯ್ಯಬೇಕೆಂದು ನಿಂತವನು ಕೂತುಬಿಟ್ಟೆ."

ಯಂಕೋಬನಿಗೆ ಅವನ ಮಾತನ್ನು ನಂಬಬೇಕು ಅನ್ನಿಸುತ್ತಿತ್ತು. ಅದಕ್ಕೇ ಅನುಮಾನವೂ ಆಗುತ್ತಿತ್ತು.

"ಒಳಗಿನ ವೈರು?"

"ಅದು ನನಗೆ ಬಾರದು. ಸುರುಳಿ ಸುತ್ತಿದ್ದು, ಬೆಸೆದದ್ದು, ಎಲ್ಲ ಜಂಗ್ಲಿಸಾಬ್. ಸುಟ್ಟುಹೋದ ಫ್ಯಾನಿನ ತಾಮ್ರದ ಎಳೆ, ಹಳೆ ಟೆಲಿಫೋನಿನ ಅಯಸ್ಕಾಂತ. ಕೂದಲಷ್ಟು ಎಳೆಯನ್ನು ಕೈಯಲ್ಲೇ ಸುತ್ತಿದ. ಒಮ್ಮೆಯೂ ಹರಿಯಲಿಲ್ಲ."

"ಅದರ ಮೇಲೆ ಯಾರ ಯಾರ ಕಣ್ಣಿತ್ತು?"

"ಯಾರದಿರಲಿಲ್ಲ ಹೇಳಿ. ಗದ್ದೆಪ್ಪ ನುಡಿಸುತ್ತಿದ್ದ ಹಾಡಿನ ಪಾರ್ಟಿಯ ಯಜಮಾನ ಮುದುಕಪ್ಪ, ಅದು ಪಾರ್ಟಿಯದು, ಮಸ್ಕಿಯಲ್ಲಿ ನನ್ನ ಖೋಲಿಯಲ್ಲೇ ಇರಬೇಕು ಅನ್ನುತ್ತಿದ್ದ. ಗದ್ದೆಪ್ಪ ಕೊಡುತ್ತಿರಲಿಲ್ಲ. ಜಂಗ್ಲಿಸಾಬ್ ಇದೇ ಚಾಪೆಯ ಮೇಲೆ ಕೂತು, ನನಗೂ ಒಂದು ಇಂಥದೇ ಮಾಡಿಕೊಡು ಅಂತ ಮಧ್ಯಾಹ್ನವೆಲ್ಲ ಗೋಗರೆದ. ಎರಡನೇ ಹುಟ್ಟು ಎಲ್ಲಿಂದ ತರಲಿ ಅಂದೆ. ಎದ್ದು ಹೋದ."

ಯಂಕೋಬನ ಕಿವಿಯಲ್ಲಿ ಉಳಿದದ್ದು ಮಸ್ಕಿಯ ಖೋಲಿ ಮಾತ್ರ. ಮಧ್ಯಾಹ್ನದ ಬಸ್ಸು ತಪ್ಪಬಾರದೆಂದು ಅವಸರದಲ್ಲಿ ಎದ್ದ.

"ಠಾಣೆಯಲ್ಲಿ ಅದನ್ನು ಹೇಗಿಟ್ಟಿದ್ದೀರಿ?" ಹಾಲ್ದಾರ್ ಹಿಂದಿನಿಂದ ಕೇಳಿದ. "ತಂತಿ ಸಡಿಲ ಮಾಡಿ ಇಡಿ. ಬಿಗಿದೇ ಇಟ್ಟರೆ ಕುತ್ತಿಗೆ ಬಾಗುತ್ತದೆ."

*

ಮಸ್ಕಿಯಲ್ಲಿ ಲಿಂಗಸುಗೂರು ರಸ್ತೆಗೆ ಹೊಂದಿದ ಚಹದ ಹೋಟೆಲಿನ ಹಿಂದೆ ಮುದುಕಪ್ಪನ ಖೋಲಿ. ಮದುವೆಗೆ ಬಾರಿಸುವ ಬ್ಯಾಂಡನ್ನೂ ಸಿನಿಮಾ ಹಾಡಿನ ಪಾರ್ಟಿಯನ್ನೂ ಅವನು ಅಲ್ಲಿಂದಲೇ ನಡೆಸುತ್ತಿದ್ದ. ಯಂಕೋಬ ಒಳಗೆ ಬಂದಾಗ ಹಾರ್ಮೋನಿಯಂ ಮುಂದಿಟ್ಟುಕೊಂಡು, ಒಂದು ಕೈಯಲ್ಲಿ ಗಾಳಿ ಒತ್ತುತ್ತ, ಇನ್ನೊಂದು ಕೈಯ ಬೆರಳಿಂದ ಅಪಸ್ವರ ಬರುತ್ತಿದ್ದ ಕೀಯೊಂದನ್ನು ತಡವುತ್ತಿದ್ದ.

"ಬರ್ರಿ ಜಮಾದಾರ್ರ. ಮನ್ಯಾಗ ಮದುವಿ ತಗದೀರೇನು? ನಿಮಗಾದ್ರ ತುತ್ತೂರಿ ಎರಡು ಜಾಸ್ತಿ ಕಳಸ್ತೀನಿ."

"ಮದುವಿ ಅಲ್ರಿ. ಸತ್ತವನ ಕೆಲಸ."

"ಗದ್ದೆಪ್ಪಂದಾ?" ಮುದುಕಪ್ಪ ಕೀ ಮೇಲಿನ ಬೆರಳು ತೆಗೆಯಲಿಲ್ಲ. "ಆ ಸಾಬನ್ನ ಹಿಡದೀರಂತಲ್ಲ. ಮುಗೀತಲ್ರಿ ಮತ್ತ."

ಯಂಕೋಬ ಗೋಡೆಯತ್ತ ನೋಡಿದ. ಮೊಳೆಗಳಿಗೆ ಸಾಲಾಗಿ ಹಿತ್ತಾಳೆಯ ತುತ್ತೂರಿಗಳು ತೂಗಿದ್ದವು. ತಿಕ್ಕಿ ಬೆಳಗಿದವು. ಆದರೆ ಒಂದರ ಬಾಯಿಯ ಹತ್ತಿರ, ಇನ್ನೊಂದರ ಬಾಗಿದ ಕೊಳವೆಯ ಮೇಲೆ, ತೇಪೆ ಹಾಕಿದಲ್ಲೆಲ್ಲ ತವರದ ದಪ್ಪ ಗೆರೆ. ತಿಕ್ಕುವ ಕೈ ಹೋಗದ ಸಂದಿಯಲ್ಲಿ ಹಸಿರು.

"ಇವನ್ನ ಯಾರು ಬೆಸೀತಾರ್ರಿ?"

"ಯಾರು ಬೆಸೀತಾರ, ನಾನ. ಮುದಗಲ್ಲಾಗ ನಮ್ಮಪ್ಪನ ಕಾಲದಿಂದ ಪಾತ್ರಿಗಿ ಕಲಾಯಿ ಹಾಕಿದ ಕೈ ಇದು. ಚೂರು ತವರ, ಚಿಟಿಕಿ ನವಸಾಗರ. ತುತ್ತೂರಿ ಹರಿದ್ರೂ ಸೈ, ಬೋಗಾಣಿ ಸೋರಿದ್ರೂ ಸೈ."

"ಗಿಟಾರಿನ ವೈರಿಗೂ ಸೈ?"

ಹಾರ್ಮೋನಿಯಂನ ಗಾಳಿ ನಿಂತಿತು. ತಡವುತ್ತಿದ್ದ ಸ್ವರ ಕೊನೆಗೊಮ್ಮೆ ನರಳಿ ಸುಮ್ಮನಾಯಿತು.

"ಏನಂದ್ರಿ?"

"ಗದ್ದೆಪ್ಪನ ಗಿಟಾರಿನ ಹಿಂದಿನ ತಗಡ ತೆಗದು ನೋಡೀನಿ. ಒಳಗ ಒಂದ ಬೆಸುಗಿ ನಿಮ್ಮ ಈ ತುತ್ತೂರಿ ಬೆಸುಗಿಗಿ ತಮ್ಮ ಇದ್ದಂಗ ಅದ."

ಮುದುಕಪ್ಪ ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡ.

"ಹೌದ್ರಿ, ಹಚ್ಚೀನಿ. ಅದರಾಗ ಏನ್ ತಪ್ಪದ? ಆ ಗಿಟಾರ್ ಯಾವಾಗಲೂ ಗುಂಯ್ ಅಂತಿತ್ತು, ಒಳಗ ಜೇನ್ನೊಣ ಹೊಕ್ಕಂಗ. ಮುದಗಲ್ ಮದುವ್ಯಾಗ ಬೀಗರು ಏನಂದ್ರು ಗೊತ್ತದೇನ್ರಿ? ಹಾಡಾಕತ್ಯದೋ ಗೊರಕಿ ಹೊಡ್ಯಾಕತ್ಯದೋ ಅಂದ್ರು. ಮಂದಿ ನಡುವ ಮಾರಿ ಎಲ್ಲಿ ಇಟ್ಕೊಳ್ಳಿ? ಇದನ್ನ ನಿಲ್ಲಸಪ್ಪ, ಇಲ್ಲಂದ್ರ ಬ್ಯಾರೇದವನ್ನ ನೋಡ್ತೀನಿ ಅಂತ ಗದ್ದೆಪ್ಪಗ ಹೇಳಿದ್ದೆ."

"ಅವ ಏನಂದ?"

"ಗುಂಯ್ ಅಂದ್ರ ಅನ್ಲಿ, ಜೀವ ಉಳೀತದ ಅಂದ. ಆ ಸಾಬ ಹೇಳಿಕೊಟ್ಟ ಮಾತು."

"ಹಂಗ ಅಂದವನ ಗಿಟಾರಿಗಿ, ಅವನಿಗಿ ತಿಳೀದಂಗ ವೈರ್ ಹಚ್ಚಿದ್ರಿ."

"ತಿಳೀದಂಗ ಅಲ್ರಿ." ಮುದುಕಪ್ಪ ಮುಂದಕ್ಕೆ ಬಾಗಿದ. "ಅವನ ಕಳಿಸ್ಯಾನ ಅಂತ ಹೇಳಿದ್ರು. ಯಾವ ವೈರ್ ಯಾತರದು ಅಂತ ನನಗೇನ್ ತಿಳೀತದ? ನಾ ಕಲಾಯಿಯವ. ನನ್ನ ಮುಂದ ತಗಡ ಬಿಚ್ಚಿ, ಇದಕ್ಕ ಇದನ್ನ ಹಚ್ಚು ಅಂತ ಬೆರಳಿಟ್ಟು ತೋರಿಸಿದ್ರು. ಹಚ್ಚಿದೆ."

"ಯಾರು ತೋರಿಸಿದ್ರು?"

"ಅವನ ಹೆಂಡ್ತಿ. ಕನಕಮ್ಮ."

ಹೋಟೆಲಿನ ಕಡೆಯಿಂದ ಕಪ್ಪು ಬಸಿಗಳ ಸದ್ದು ಬರುತ್ತಿತ್ತು. ಯಂಕೋಬ ಕೇಳಿಸಿಕೊಂಡದ್ದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

"ಸಿಂಧನೂರಾಗ ಅವರ ಮನಿ ಎದುರಿಗೇ ಜಂಗ್ಲಿಸಾಬನ ಅಂಗಡಿ ಅದ. ಅಲ್ಲಿ ಕೊಡೋದು ಬಿಟ್ಟು, ಅಷ್ಟು ಭಾರದ ಗಿಟಾರ್ ಹೊತ್ಕೊಂಡು ಬಸ್ಸಿನಾಗ ಮಸ್ಕಿತನಕ ಯಾಕ ಬಂದಳು?"

"ಗಂಡಗ ಜ್ವರ ಅಂದಳು. ನಾ ಪುಕ್ಕಟೆ ಮಾಡಿಕೊಡ್ತೀನಿ ಅಂತ ಬಂದಿರಬೇಕು ಅಂದ್ಕೊಂಡೆ. ಕೇಳಲಿಲ್ರಿ. ಕೇಳಬೇಕಿತ್ತು."

"ಅದಾದ ಮ್ಯಾಲ ಗದ್ದೆಪ್ಪ ನುಡಿಸಿದ್ದು ಯಾವಾಗ?"

"ನಡುವ ಪ್ರೋಗ್ರಾಮ್ ಇರಲಿಲ್ಲ. ಆ ಶುಕ್ರವಾರನ ನೋಡ್ರಿ." ಮುದುಕಪ್ಪನ ಮಾತು ನಿಧಾನವಾಯಿತು. "ಆಂಪ್ಲಿಫೈಯರ್‌ಗಿ ಹಚ್ಚಿದ್ರು. ಅವ ಎರಡು ಸಲ ತಂತಿ ಎಳದ. ಗುಂಯ್ ಇಲ್ಲ. ನನ್ನ ಕಡಿ ತಿರುಗಿ ನೋಡಿದ. ಖುಷಿ ಆಗ್ಯಾನ ಅಂತ ನಾನೂ ನಕ್ಕೆ. ಏನೋ ಹೇಳಾಕ ಅಂತ ಮೈಕಿಗಿ ಕೈ ಹಾಕಿದ."

ಮುದುಕಪ್ಪ ಹಾರ್ಮೋನಿಯಂನ ಮುಚ್ಚಳ ಹಾಕಿದ.

"ಪ್ಲಗ್ ಹಾಕಿದ್ದು ಯಾರು?" ಯಂಕೋಬ ಕೇಳಿದ.

"ಇನ್ಯಾರು. ಯಾವಾಗಲೂ ಸಾಬನ ಹಾಕ್ತಿದ್ದ." ಮುದುಕಪ್ಪ ತನ್ನ ಅಂಗೈ ನೋಡಿಕೊಂಡ. "ಜಮಾದಾರ್ರ, ಬೆಸುಗಿ ನನ್ನ ಕೈದು, ಖರೆ. ಕೊಂದದ್ದೂ ಈ ಕೈಯೇನ್ರಿ?"

ಯಂಕೋಬ ಬಸ್ಸಿಗೆಂದು ಹೊರಗೆ ನಡೆದ.

*

ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ ಅವನು ಕನಕಮ್ಮನ ವಿಷಯ ಯೋಚಿಸಿದ. ಗಂಡನನ್ನು ಪಾರ್ಟಿಯಿಂದ ತೆಗೆದುಹಾಕುತ್ತಾರೆಂಬ ಹೆದರಿಕೆಗೆ ಮಾಡಿದ್ದಳೇ? ಬೇರೆ ಏನಾದರೂ ಇತ್ತೇ? ಯಾವುದೇ ಇರಲಿ, ಜಂಗ್ಲಿಸಾಬನ ಮೇಲಿನ ಅಪವಾದ ಹೋಯಿತು. ಮಾಬುಬೀಗೆ ಕೊಟ್ಟ ಮಾತು ಉಳಿಯಿತು. ಆ ಒಂದು ಸಮಾಧಾನವನ್ನು ಅವನು ಊರು ಬರುವವರೆಗೂ ಹಿಡಿದುಕೊಂಡ.

ಠಾಣೆ ಮುಟ್ಟಿದಾಗ ಬಿಸಿಲು ಹೊರಗೋಡೆಯ ಅರ್ಧಕ್ಕೆ ಇಳಿದಿತ್ತು. ಬಾಗಿಲಲ್ಲಿ ಮಾಬುಬೀ, ಅದೇ ಬುತ್ತಿಯ ಜೊತೆ. ಒಳಗಿನ ಬೆಂಚಿನ ಮೇಲೆ ಕನಕಮ್ಮ. ಗಿಟಾರು ಗಂಡನದೇ ಎಂದು ಗುರುತು ಹೇಳಲು ಸಂಜೆ ಬಾ ಎಂದು ಎಸ್ಸೈ ಸಾಹೇಬರೇ ಹೇಳಿಕಳಿಸಿದ್ದರಂತೆ. ಗಿಟಾರು ಬೆಳಗ್ಗೆ ಅವನು ಇಟ್ಟುಹೋದಂತೆಯೇ ಮೇಜಿನ ಮೇಲೆ ಬೋರಲಾಗಿತ್ತು.

"ಬಂದ್ರೇನ್ರಿ ಸಾಬ್?" ಸರಳುಗಳ ಹಿಂದಿನಿಂದ ಜಂಗ್ಲಿಸಾಬ್ ಕೇಳಿದ. "ಗೊತ್ತಾತೇನ್ರಿ, ಆ ನವಸಾಗರದ ಬೆಸುಗಿ ಯಾರದಂತ?"

"ಗೊತ್ತಾತು," ಎಂದ ಯಂಕೋಬ.

ಒಳಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಸಾಹೇಬರು ಎರಡು ಪ್ರಶ್ನೆ ಕೇಳಿದರು. ಕನಕಮ್ಮನನ್ನು ಆಮೇಲೆ ವಿಚಾರಿಸೋಣವೆಂದು, ಮುದುಕಪ್ಪನನ್ನು ಕರೆತರಲು ಹೇಳಿ, ಮೇಜಿನ ಖಾನೆಯಿಂದ ಲಾಕಪ್ಪಿನ ಕೀಲಿ ತೆಗೆದು ಕೊಟ್ಟರು.

"ಬಿಡು ಅವನ್ನ. ಪಾಪ, ಹೆಂಡ್ತಿ ಮುಂಜಾನಿಂದ ನಿಂತಾಳ."

ಯಂಕೋಬ ಕೀಲಿಯನ್ನು ಬೀಗಕ್ಕೆ ಹಾಕಿದ. ಮಾಬುಬೀ ಬುತ್ತಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಒಂದು ಹೆಜ್ಜೆ ಒಳಗೆ ಬಂದಳು.

ಆಗ ಅವನ ಕೈ ನಿಂತಿತು.

ಬೆಳಗ್ಗೆ ನವಸಾಗರದ ಮಾತು ಅವನ ಬಾಯಿಂದ ಹೊರಟೇ ಇರಲಿಲ್ಲ. ಬೇರೆ ಕೈಯದು ಎಂದಷ್ಟೇ ಅಂದಿದ್ದ. ಬಿಳಿಯ ಪುಡಿಯನ್ನು, ಹಸಿರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವನು ತಾನೊಬ್ಬನೇ.

ಇಲ್ಲ, ಇವನು ಇಲ್ಲಿಂದಲೇ ನೋಡಿರಬಹುದು. ರೇಡಿಯೊ ರಿಪೇರಿಯ ಕಣ್ಣು. ತಾನು ಸುಮ್ಮನೆ ಅನುಮಾನಿಸುತ್ತಿರಬಹುದು.

ಕೀಲಿಯನ್ನು ಹಾಗೇ ಬಿಟ್ಟು, ಚಪ್ಪಲಿಯ ಪಟ್ಟಿ ಸರಿಮಾಡುವವನಂತೆ ಸರಳುಗಳಿಗೆ ಬೆನ್ನು ಹಚ್ಚಿ ಕುಕ್ಕರುಗಾಲಲ್ಲಿ ಕುಳಿತ. ಅವನ ಕಣ್ಣು ಈಗ ಜಂಗ್ಲಿಸಾಬನ ಕಣ್ಣಿನ ಮಟ್ಟಕ್ಕೇ ಇತ್ತು. ಅಲ್ಲಿಂದ ಮೇಜಿನತ್ತ ನೋಡಿದ. ಕಂಡದ್ದು ಗಿಟಾರಿನ ಅಂಚು, ಮೇಜಿನಿಂದಾಚೆ ಚಾಚಿದ ಉದ್ದ ಕುತ್ತಿಗೆ. ಮೇಲಕ್ಕೆ ಬಾಯಿ ತೆರೆದ ಆ ಗುಳಿಯಾಗಲಿ, ಅದರೊಳಗಿನ ವೈರಾಗಲಿ ಕಾಣುವಂತಿರಲಿಲ್ಲ. ಕಿಟಕಿಯ ಬಳಿ ನಿಂತಾಗಲೂ ತನ್ನ ಬೆನ್ನು ಇತ್ತ ಇತ್ತು.

ತಗಡು ಬಿಚ್ಚಿ ಎಂದು ಬೆಳಗಿನಿಂದ ಪೀಡಿಸಿದವನು ಯಾರು? ಬೇರೆಯವರ ಬೆಸುಗೆ ಅಲ್ಲಿದೆ, ಅದು ಸಿಕ್ಕೇ ಸಿಗುತ್ತದೆ ಎಂದು ಗೊತ್ತಿದ್ದವನು ಹಾಗೆ ಪೀಡಿಸುತ್ತಾನೆ. ಆ ಶುಕ್ರವಾರ ಪ್ಲಗ್ ಹಾಕಿದವನೂ ಇವನೇ. ನನಗೂ ಇಂಥದೇ ಬೇಕೆಂದು ಹಾಲ್ದಾರನ ಚಾಪೆಯ ಮೇಲೆ ಮಧ್ಯಾಹ್ನವೆಲ್ಲ ಗೋಗರೆದವನ ಮಾತು ಈಗ ಅವನಿಗೆ ಪೂರ್ತಿ ಕೇಳಿಸಿತು.

"ಯಾಕ್ರಿ ಸಾಬ್?" ಬೆನ್ನ ಹಿಂದೆ, ಬಹಳ ಹತ್ತಿರದಿಂದ ಜಂಗ್ಲಿಸಾಬನ ದನಿ. "ಬೀಗ ಬಿಗಿ ಆಗ್ಯದೇನ್ರಿ?"

ಯಂಕೋಬ ಎದ್ದು ನಿಂತ. ಮಾಬುಬೀಯ ಕಡೆ ನೋಡಲು ಅವನಿಗೆ ಆಗಲಿಲ್ಲ. ಬೆಂಚಿನತ್ತ ತಿರುಗಿದ.

"ಕನಕಮ್ಮ, ಮಸ್ಕ್ಯಾಗ ಮುದುಕಪ್ಪನ ಮುಂದ ತಗಡ ಬಿಚ್ಚಿ, ಕರೀ ವೈರ್ ಬೆರಳಿಟ್ಟು ತೋರಿಸಿದಿಯಂತ. ಅದು ಯಾವುದಂತ ನಿನಗ ಹೇಳಿಕೊಟ್ಟವರು ಯಾರವ್ವ?"

ಕನಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಅವನ ಹಿಂದೆ, ಬೀಗದ ಮೇಲಿತ್ತು.

"ಹೇಳತೀನ್ರಿ," ಎಂದಳು. "ಮೊದಲ ಆ ಕೀಲಿ ಹೊರಗ ತಗೀರಿ."